ರೇಲಿಂಗಿಗೂ ಟಾಪಿಂಗ್ ಬೇಕಂತೆ!

ಡ್ರಿಲ್ ಮೆಷಿನ್ ಕೆಳಗಿಟ್ಟು, ಮೈಮೇಲಿನ ಮರದ ಪುಡಿ ಕೊಡವಿಕೊಂಡು, "ಅತ್ತೆ, ಈಗ ಹತ್ತಿ ನೋಡಿ" ಅಂದೆ. ನನಗೆ ಆಗ ಎಷ್ಟು ಜಂಬ ಇತ್ತು ಅಂತ ಕೇಳಬೇಡಿ.

ಮಲ್ಲಂದೂರಿನ ನಮ್ಮ ಮನೆಯ ಮೆಟ್ಟಿಲಿಗೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇರಲಿಲ್ಲ. ಕಳೆದ ವರ್ಷ ಅತ್ತೆ ಅಲ್ಲೇ ಜಾರಿ ಬಿದ್ದರು. ಕಾಲು ವಾಸಿಯಾಯಿತು, ಹೆದರಿಕೆ ಹೋಗಲಿಲ್ಲ... ಮತ್ತೆ ಮಹಡಿ ಹತ್ತಲೇ ಇಲ್ಲ.

ಮಹಡಿಯ ಬಾಲ್ಕನಿ ಅಂದರೆ ಅವರ ಆಫೀಸು. ಅಲ್ಲಿ ನಿಂತರೆ ಕಾಫಿ ಒಣಗಿಸುವ ಕಣ ಪೂರ್ತಿ ಕಾಣುತ್ತದೆ. ಮೇಸ್ತ್ರಿಗೂ ನಮಗೂ ಆರ್ಡರ್ ಹೊರಡುತ್ತಿದ್ದುದು ಅಲ್ಲಿಂದಲೇ.

ಬಿದ್ದ ಮೇಲೆ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಬೈಯದ ಅತ್ತೆಯನ್ನು ನೋಡಲು ನನಗೆ ಸಂಕಟ, ನಂಬಿ.

ಅದಕ್ಕೇ ಮೆಟ್ಟಿಲಿಗೆ ರೇಲಿಂಗ್ ಮಾಡಲು ನಾನೇ ಕೈ ಹಾಕಿದೆ. ತೋಟದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಮರ ಕೊಯ್ಸಿ ಒಣಗಿಸಿಟ್ಟಿದ್ದೆವು. ಅಳೆದು, ಕತ್ತರಿಸಿ, ಉಜ್ಜಿ, ಬೋಲ್ಟ್ ಬಿಗಿದು ನಿಲ್ಲಿಸಿದೆ. ಜಗ್ಗಿ ನೋಡಿದೆ, ಒಂಚೂರೂ ಅಲುಗಲಿಲ್ಲ.

ಅತ್ತೆ ಎರಡು ಮೆಟ್ಟಿಲು ಹತ್ತಿದರು. ನಿಂತರು. ರೇಲಿಂಗ್ ಹಿಡಿದ ಕೈ ಹೆಗಲೆತ್ತರಕ್ಕೆ ಹೋಗಿತ್ತು, ಊರಲು ಬಲವೇ ಸಿಗಲಿಲ್ಲ. ಹಾಗೇ ಇಳಿದುಬಿಟ್ಟರು.

"ಎಂತದೇ ಮಾರಾಯ್ತಿ, ಟಾಪಿಂಗ್ ಮಾಡ್ದೆ ಬಿಟ್ಟ ಗಿಡ ಆಯ್ತಲ್ಲ ಇದು!"

ಅಯ್ಯೋ... ಎಲ್ಲವನ್ನೂ ಸರಿಯಾಗಿಯೇ ಅಳೆದಿದ್ದೆ, ಆದರೆ ನನ್ನ ಎತ್ತರಕ್ಕೆ. ಭದ್ರ ಇರಲಿ ಅಂತ ಇನ್ನೊಂದಿಷ್ಟು ಏರಿಸಿಯೂ ಇದ್ದೆ. ಅತ್ತೆ ನನ್ನ ಭುಜಕ್ಕೂ ಬರುವುದಿಲ್ಲ!

ಕೊಯ್ಯುವವರ ಕೈಗೆ ಹಣ್ಣು ಎಟುಕಲಿ ಅಂತ ಕಾಫಿ ಗಿಡದ ನೆತ್ತಿ ಕತ್ತರಿಸಿ ಟಾಪಿಂಗ್ ಮಾಡಿಸುವವಳು ನಾನು. ಮನೆಯೊಳಗೆ ಅದೇ ಬುದ್ಧಿ ಓಡಲಿಲ್ಲ ನೋಡಿ.

ಬೇಜಾರು ಮಾಡಿಕೊಳ್ಳುವ ಜಾಯಮಾನ ನನ್ನದಲ್ಲ. ಅತ್ತೆಯನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಅವರ ಕೈ ಆರಾಮಾಗಿ ಊರುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿದೆ. ಬೋಲ್ಟ್ ಬಿಚ್ಚಿ ಗರಗಸ ತಗೊಂಡೆ.

"ನಾವೆಲ್ಲ ಬಗ್ಗಿ ಹತ್ಬೇಕಾ ಹಂಗಾರೆ?" ಅಂದರು ನನ್ನ ಗಂಡ.

"ಬಗ್ಗು ಮಾರಾಯ, ನಿನ್ ಸೊಂಟ ಎಂತ ಸವೆಯಲ್ಲ" ಅಂದರು ಅತ್ತೆ.

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿದ್ದೇನೆ. ಮೇಲಿನಿಂದ ಕೂಗು ಕೇಳುತ್ತದೆ...

"ಕಣದಲ್ಲಿರೋ ಪಾರ್ಚ್‌ಮೆಂಟ್ ಕಾಫಿ ತಿರುವಿ ಹಾಕಲ್ವೇನ್ರೋ? ಎಲ್ಲಾ ಎಲ್ಲಿ ಸತ್ರಿ?"

ಒಗ್ಗರಣೆ ಸೌಟು ಹಿಡಿದುಕೊಂಡೇ ಅತ್ತುಬಿಟ್ಟೆ. ಬೈಗುಳ ಕೇಳಿ ಇಷ್ಟು ಖುಷಿಪಟ್ಟ ಸೊಸೆ ಈ ಘಟ್ಟದಲ್ಲಿ ನಾನೊಬ್ಬಳೇ ಇರಬೇಕು.

ನಿಮ್ಮ ಮನೆಯ ರೇಲಿಂಗ್ ಯಾರ ಕೈಯಳತೆಗಿದೆ, ಒಮ್ಮೆ ನೋಡುತ್ತೀರಾ?