ಗಾಳಿ ಕತ್ತರಿಸುವ ಕತ್ತರಿ

ಮೌನಿ ಹುಟ್ಟಿನಿಂದ ಮೌನಿಯೇನಲ್ಲ. ಒಂದು ಕಾಲದಲ್ಲಿ ಅವನ ಕ್ಷೌರದಂಗಡಿಯಲ್ಲಿ ಕೂದಲಿಗಿಂತ ಹೆಚ್ಚಾಗಿ ಊರವರ ಮಾನವೇ ನೆಲಕ್ಕೆ ಬೀಳುತ್ತಿತ್ತು. ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಪಡೆದ ಮೇಲೆ ಚಾಡಿಮಾತು ಬಿಟ್ಟ. ಬಿಟ್ಟದ್ದು ನಿಜ, ಬಾಯಲ್ಲಿ ಮಾತ್ರ. ಹೊರಗೆ ದಾರಿ ಸಿಗದ ಮಾತೆಲ್ಲ ಒಳಗೇ ಬಿಡಾರ ಹೂಡಿತು. ಚರ್ಚಿನ ಸಭೆಯವರು ಮೆಚ್ಚಿ ‘ಮೌನಿ’ ಎಂದು ಕರೆದರು. ಹೆಂಡತಿ ಮಾತ್ರ ಮುಸಿಮುಸಿ ನಕ್ಕಳು. ಅವಳಿಗೆ ಕತ್ತರಿಯ ಭಾಷೆ ಗೊತ್ತಿತ್ತು.

ಕ್ಷೌರಿಕರು ಕೂದಲು ಕತ್ತರಿಸುವ ನಡುನಡುವೆ ಸುಮ್ಮನೆ ಗಾಳಿಯನ್ನೂ ಕತ್ತರಿಸುತ್ತಾರಲ್ಲ, ಆ ಸದ್ದು. ಮನಸ್ಸು ತಣ್ಣಗಿದ್ದರೆ ಅದು ಗೋಡೆ ಗಡಿಯಾರದ ಹಾಗೆ ನಿಧಾನ. ಒಳಗೆ ಜಗಳ ಹತ್ತಿತೋ, ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಟಿಕಟಿಕಟಿಕ. ಅಂಗಡಿಯ ಹಿಂದೆಯೇ ಅಡುಗೆಮನೆ. “ಏನ್ರೀ, ಇವತ್ತು ಅವನಿಗೆ ಏನಂದ್ರಿ?” ಎಂದು ಅವಳು ಅಲ್ಲಿಂದಲೇ ಕೇಳುತ್ತಿದ್ದಳು.

‘ಅವನು’ ಎಂದರೆ ಮೌನಿಯ ಷಡ್ಡಕ, ಅವಳ ತಂಗಿಯ ಗಂಡ. ಕತ್ತರಿ ಹಿಡಿಯಲು ಕಲಿತದ್ದು ಮೌನಿಯ ಬಳಿ. ಕಲಿತವನು ಒಂದು ಮಾತೂ ಕೇಳದೆ ಪಕ್ಕದ ಬೀದಿಯಲ್ಲೇ ತಿರುಗುವ ಕುರ್ಚಿ, ಬಣ್ಣದ ದೀಪ ಹಾಕಿ ಅಂಗಡಿ ತೆರೆದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ ಎನ್ನುವುದು ಅರ್ಧ ಸತ್ಯ. ಮೌನಿ ಮನಸ್ಸಿನಲ್ಲಿ ದಿನವಿಡೀ ಅವನೊಡನೆ ಮಾತಾಡಿದ್ದಾನೆ, ಪ್ರತಿ ಸಲವೂ ಗೆದ್ದಿದ್ದಾನೆ. ಷಡ್ಡಕ ಅಲ್ಲಿ ಕಾಲು ಹಿಡಿದು ಅತ್ತದ್ದೆಷ್ಟು ಸಲವೋ. ಪಾಪ, ಅವನಿಗೇ ಗೊತ್ತಿಲ್ಲ.

ತೊಂದರೆ ಏನೆಂದರೆ, ಎಂಥ ಕೈಚಳಕದ ಕ್ಷೌರಿಕನಾದರೂ ತನ್ನ ಹಿಂದಲೆಯನ್ನು ತಾನೇ ಕತ್ತರಿಸಿಕೊಳ್ಳಲಾರ. ಮೊದಲು ಒಬ್ಬರಿಗೊಬ್ಬರು ಮಾಡಿಕೊಳ್ಳುತ್ತಿದ್ದರು. ಈಗ ಊರಿಗೆಲ್ಲ ಕ್ಷೌರ ಮಾಡುವ ಇಬ್ಬರೂ ಕಾಲರ್ ಮೇಲೆ ಕೂದಲು ಇಳಿಬಿಟ್ಟುಕೊಂಡು ಓಡಾಡುತ್ತಿದ್ದರು.

ಗುರುವಾರ ಪಾಸ್ಟರು ಬಂದು ಕುರ್ಚಿಯಲ್ಲಿ ಕೂತರು. ಮೌನಿ ಬಟ್ಟೆ ಹೊದಿಸಿ ಕೆಲಸಕ್ಕಿಳಿದ. ಒಳಗೆ ಷಡ್ಡಕನನ್ನು ಆಗಲೇ ಕಟಕಟೆ ಹತ್ತಿಸಿಯಾಗಿತ್ತು. ಬಲಗಿವಿಯ ಮುಂದೆ ಕತ್ತಿ ಇಟ್ಟ ಹೊತ್ತಿಗೆ ಪಾಸ್ಟರು ಬಾಯಿ ತೆರೆದರು.

“ಈ ಭಾನುವಾರ ನೀವು ಸಭೆ ಮುಂದೆ ನಿಂತು ಸಾಕ್ಷಿ ಹೇಳ್ಬೇಕು. ಮನಸ್ಸಿನ ಆಲೋಚನೆಗಳನ್ನ ಶುದ್ಧವಾಗಿ ಇಟ್ಕೊಳ್ಳೋದು ಹೇಗೆ ಅಂತ. ನಿಮ್ಮ ಬಾಯಲ್ಲಿ ಯಾರ ಮೇಲೂ ಒಂದು ಕೆಟ್ಟ ಮಾತು ಕೇಳಿಲ್ಲ ನಾನು.”

ಕೈ ಜಾರಿತು. ಚರ್ಮಕ್ಕೇನೂ ಆಗಲಿಲ್ಲ, ಕಿವಿಯ ಮುಂದಿನ ಕೂದಲು ಮಾತ್ರ ಅರ್ಧ ಮಾಯ. ಪಾಸ್ಟರು ಕನ್ನಡಕ ತೆಗೆದಿಟ್ಟಿದ್ದರಿಂದ ಮೌನಿ ಬಚಾವಾದ. ಗಾಬರಿಯಲ್ಲಿ “ಆಗಲಿ” ಎಂದೂ ಅಂದುಬಿಟ್ಟ.

“ಒಪ್ಕೊಂಡ್ಬಿಟ್ರಾ?” ಎಂದಳು ಹೆಂಡತಿ, ಪಾಸ್ಟರು ಹೋದ ಮೇಲೆ. “ಸಭೆ ಮುಂದೆ ನಿಂತು ಸುಳ್ಳು ಹೇಳ್ತೀರಾ?”

“ಭಾನುವಾರದೊಳಗೆ ನಿಜ ಮಾಡ್ತೀನಿ, ನೋಡ್ತಿರು.”

ಶುಕ್ರವಾರ ಷಡ್ಡಕನನ್ನು ನೆನೆಯಲೇಬಾರದೆಂದು ಹಟ ಹಿಡಿದ. ಯಾರನ್ನು ನೆನೆಯಬಾರದು ಎಂದು ನೆನಪಿಟ್ಟುಕೊಳ್ಳುವುದಕ್ಕೇ ಅವನನ್ನು ಮತ್ತೆ ಮತ್ತೆ ನೆನೆಯಬೇಕಾಯಿತು. ಕೀರ್ತನೆ ಗುನುಗಿ ನೋಡಿದ. ಅದರ ತಾಳವೂ ಟಿಕಟಿಕಟಿಕ.

ಹೆಂಡತಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. “ಮನಸ್ಸಲ್ಲಿ ಕುರ್ಚಿ ಖಾಲಿ ಇಟ್ಕೊಂಡು ‘ಕೂರ್ಬೇಡ, ಕೂರ್ಬೇಡ’ ಅಂದ್ರೆ ಕೇಳ್ತಾನೇನ್ರೀ? ಬೇರೆಯವರನ್ನ ಕೂರಿಸಿ. ಪಾಸ್ಟರು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡೋದು ಭಾನುವಾರ. ನಿಮ್ಮ ಕೈ ದಿನಾ ಯಾರದಾದ್ರೂ ತಲೆ ಮೇಲೇ ಇರುತ್ತೆ. ಆ ತಲೆಗೋಸ್ಕರ ಪ್ರಾರ್ಥನೆ ಮಾಡಿ. ಅವರಲ್ಲಿ ಒಳ್ಳೇದೇನಿದೆ ಹುಡುಕಿ.”

ಶನಿವಾರ ಮೊದಲು ಕೂತದ್ದು ಅಂಚೆಯವನು. ಕತ್ತಿನ ಹಿಂದೆ ಬಿಸಿಲಿಗೆ ಸುಟ್ಟ ಗೆರೆ. “ಕರ್ತನೇ, ಇವನ ದಾರೀಲಿ ಒಂದಿಷ್ಟು ನೆರಳಿರಲಿ” ಎಂದ ಮೌನಿ ಮನಸ್ಸಿನಲ್ಲೇ. ಆಮೇಲೆ ಜಿಪುಣ ಕಿರಾಣಿಯವನು ಬಂದ. ಇವನಲ್ಲಿ ಒಳ್ಳೆಯದನ್ನು ಹುಡುಕುವಷ್ಟರಲ್ಲಿ ಅರ್ಧ ತಲೆ ಮುಗಿದಿತ್ತು. ಕೊನೆಗೆ ಹೊಳೆಯಿತು: ಕಣ್ಣು ಕಾಣದ ತಾಯಿಯನ್ನು ಸಂಜೆ ಕೈಹಿಡಿದು ತಿರುಗಾಡಿಸುವವನು ಇವನೇ. ಕತ್ತರಿ ನಿಧಾನವಾಯಿತು. ಅಡುಗೆಮನೆಯಿಂದ ಕೂಗು ಬಂತು: “ಏನ್ರೀ, ನಿದ್ದೆ ಹೋದ್ರಾ?”

ಸಂಜೆ ಷಡ್ಡಕನೇ ಒಳಗೆ ಬಂದ. ಮೌನಿಯ ಹೆಂಡತಿಯೇ ಸಾಕ್ಷಿಯ ಸುದ್ದಿ ಹೇಳಿ ಅಟ್ಟಿರಬೇಕು. ನೇರವಾಗಿ ಬಂದು ಕುರ್ಚಿಯಲ್ಲಿ ಕೂತ. ಮೌನಿ ಅವನ ತಲೆಯ ಮೇಲೆ ಕೈಯಿಟ್ಟ. “ಕರ್ತನೇ,” ಅಂದ. ಮುಂದೆ ಏನೂ ಹೊರಡಲಿಲ್ಲ.

ಬಾಚಣಿಗೆಯಿಂದ ಕೂದಲು ಎತ್ತಿದ. ಒಳಗೆ ಕೋಟಿನ ಗುಂಡಿಯಗಲ ಬೋಳು. ಅದರ ಪಕ್ಕ ಇನ್ನೊಂದು. ಮೌನಿ ಇಷ್ಟು ದಿನ ಮನಸ್ಸಿನಲ್ಲಿ ಜಗಳವಾಡುತ್ತಿದ್ದ ಷಡ್ಡಕನಿಗೆ ತಲೆ ತುಂಬ ಕೂದಲಿತ್ತು, ಚಿಂತೆಯೆನ್ನುವುದೇ ಇರಲಿಲ್ಲ. ಇಲ್ಲಿ ಕೂತಿದ್ದವನು ಬೇರೆ ಮನುಷ್ಯ.

“ಯಾವಾಗಿಂದ ಕಣೋ ಇದು?”

“ಅಂಗಡಿ ಹಾಕಿದಾಗಿಂದ, ಅಣ್ಣ. ನಿದ್ದೆ ಬರಲ್ಲ. ಕುರ್ಚಿ ತಿರುಗುತ್ತೆ, ಕೂರೋರೇ ಇಲ್ಲ.” ಮತ್ತೆ ಅಂದ: “ನಿಮ್ಮನ್ನ ಕೇಳ್ಬೇಕಿತ್ತು. ಬೇಡ ಅಂದ್ಬಿಡ್ತೀರೇನೋ ಅಂತ ಹೆದರಿದೆ.”

ಬೇಡ ಎಂದೇ ಅನ್ನುತ್ತಿದ್ದೆ ಎಂದು ಮೌನಿಗೆ ಗೊತ್ತಿತ್ತು. ಅಷ್ಟೊಂದು ಜಗಳ ಗೆದ್ದವನಿಗೆ ಈ ಒಂದು ಮಾತು ಎಂದೂ ಹೊಳೆದಿರಲಿಲ್ಲ. ಈಗ ಪ್ರಾರ್ಥನೆ ತಾನಾಗಿಯೇ ಬಂತು. ಬೋಳು ಕಾಣದಂತೆ, ಒಂದೊಂದೇ ಎಳೆ ನೋಡಿಕೊಂಡು ಕತ್ತರಿಸಿದ.

“ಅಣ್ಣ, ಈಗ ನೀವು ಕೂತ್ಕೊಳ್ಳಿ. ಈ ಹಿಂದಲೆ ಇಟ್ಕೊಂಡು ಸಾಕ್ಷಿ ಹೇಳ್ತೀರಾ?”

ಮೌನಿ ಕೂತು ತಲೆ ಬಗ್ಗಿಸಿದ. ಕಿವಿಯ ಹಿಂದೆ ಶುರುವಾಯಿತು: ಟಿಕಟಿಕಟಿಕ.

“ಏನೋ ಅದು, ಒಳಗೊಳಗೇ ನನ್ನ ಬೈತಿದೀಯಾ?”

“ಇಲ್ಲಣ್ಣ.” ಕತ್ತರಿ ನಿಂತಿತು. “ಸ್ವಲ್ಪ.”

ಅಡುಗೆಮನೆಯಲ್ಲಿ ಸೌಟು ಕೆಳಗೆ ಬಿತ್ತು. ನಗು ಕೇಳಿಸಿತು.

ಭಾನುವಾರ ಮೌನಿ ಸಭೆಯ ಮುಂದೆ ನಿಂತ. “ನಾನು ಮೌನಿ ಅಲ್ಲ. ಬಾಯಿಗೆ ಮಾತ್ರ ಬೀಗ ಹಾಕಿದ್ದೆ. ಒಳಗೆ ಅಂಗಡಿ ತೆರೆದೇ ಇತ್ತು, ಒಬ್ಬನನ್ನೇ ಕೂರಿಸಿ ಬೋಳಿಸ್ತಿದ್ದೆ. ಆ ಕುರ್ಚೀಲಿ ಯಾರನ್ನ ಹೇಗೆ ಕೂರಿಸ್ಬೇಕು ಅಂತ ಕರ್ತನು ನಿನ್ನೆಯಿಂದ ಕಲಿಸ್ತಿದಾನೆ. ಇನ್ನೂ ಪೂರ್ತಿ ಬಂದಿಲ್ಲ. ಗುರುವಾರ ನನ್ನ ಮನಸ್ಸು ಎಲ್ಲಿತ್ತು ಅಂತ ಸಾಕ್ಷಿ ಬೇಕಿದ್ರೆ, ಪಾಸ್ಟರ ಕಿವಿ ನೋಡಿ.”

ಎಲ್ಲರೂ ನೋಡಿದರು. ಪಾಸ್ಟರ ಕೈ ಮೊದಲು ಎಡಗಿವಿಗೆ ಹೋಯಿತು. ಆಮೇಲೆ ಬಲಗಿವಿಗೆ.