ಅತ್ತೆಯ ಪಿತ್ತಕೋಶದ ಮೇಲೊಂದು ಚರ್ಚಾಸ್ಪರ್ಧೆ

ಮೊನ್ನೆ ಪಿರಿಯಾಪಟ್ಟಣದಲ್ಲಿ, ಅಪ್ಪನ ತಂಗಿ ಜಯಮ್ಮತ್ತೆಯ ಮನೆಯ ಬೀರುವಿನ ಮೇಲೆ ಏನೋ ಹುಡುಕುತ್ತಿದ್ದಾಗ ಸ್ಕ್ಯಾನಿಂಗ್ ಸೆಂಟರಿನ ಹಳೇ ಕವರೊಂದು ನನ್ನ ತಲೆಯ ಮೇಲೆ ಬಿತ್ತು. ನ್ಯಾಯವಾಗಿಯೇ ಬಿತ್ತು ಎನ್ನಿ. ಒಳಗಿನ ರಿಪೋರ್ಟಿನಲ್ಲಿ, ಪಿತ್ತಕೋಶದಲ್ಲಿ ಕಲ್ಲಿಲ್ಲ ಎನ್ನುವ ಸಾಲಿನ ಕೆಳಗೆ ಕೆಂಪು ಪೆನ್ನಿನ ಗೀಟು. ಎಳೆದವನು ನಾನೇ.

ಆಗ ಹುಣಸೂರಿನ ಕಾಲೇಜಿನಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಸ್ಟೀಲ್ ಲೋಟಗಳು ಮನೆಮಂದಿಗೆಲ್ಲ ಸಾಕಾಗಿ ಮಿಗುತ್ತಿದ್ದವು. ದೇವರು, ದೃಷ್ಟಿ, ಗ್ಯಾಸು ಈ ಮೂರನ್ನೂ ನಂಬುತ್ತಿರಲಿಲ್ಲ. ಅತ್ತೆಗೆ ಜಿಡ್ಡಿನದೇನು ತಿಂದರೂ ಬಲಪಕ್ಕೆಯ ಕೆಳಗೆ ನೋವು ಹಿಡಿದು ಬೆನ್ನಿಗೆ ಏರುತ್ತಿತ್ತು. ಎಲ್ಲರೂ ಗ್ಯಾಸು ಎಂದರು. ನಾನು ಓದಿದವನಲ್ಲವೇ, ಪುರಾವೆ ಎಲ್ಲಿ ಎಂದೆ. ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲಿಲ್ಲ ಎಂದು ಬಂತು, ಆ ಸಾಲಿಗೇ ಗೀಟೆಳೆದೆ.

ಅಷ್ಟರಲ್ಲಿ ಅವಳ ಮಗಳು ಸವಿತಾಳ ಮದುವೆಯಾಗಿ, ಕೆ.ಆರ್. ನಗರದ ಕಡೆಯ ಗಂಡಿನ ಮನೆಯಲ್ಲಿ ಬೀಗರೂಟ ಇಟ್ಟುಕೊಂಡರು. ನಿಮಗೆ ಗೊತ್ತಲ್ಲ, ನಮ್ಮ ಕಡೆ ತಾಳಿ ಕಟ್ಟಿದರೆ ಅರ್ಧ ಮದುವೆ. ಬೀಗರ ಎಲೆಗೆ ಮೂಳೆ ಬಿದ್ದ ಮೇಲೆಯೇ ಪೂರ್ತಿ. ಅಂಥ ಪಂಕ್ತಿಯಲ್ಲಿ ಹೆಣ್ಣಿನ ತಾಯಿ ಮಜ್ಜಿಗೆ ಅನ್ನ ಕಲೆಸುತ್ತ ಕೂತಿದ್ದಳು.

"ಯಾಕ್ ಬೀಗಿತ್ತಿ, ನಮ್ಮನೆ ಬಾಡು ನಿಮ್ಗೆ ಸೇರಾಕಿಲ್ವಾ?" ಗಂಡಿನ ತಾಯಿ ಸೌಟು ಹಿಡಿದು ಎದುರು ನಿಂತರು. ಅಕ್ಕಪಕ್ಕದವರ ಕೈ ಎಲೆಯ ಮೇಲೇ ನಿಂತಿತು. ಸವಿತಾಳ ಮುಖ ಸಣ್ಣಗಾಯಿತು.

"ಅಂಗಲ್ಲ ಕಣ್ರೀ, ತಿಂದ್ರೆ ನೋವು ಬತ್ತದೆ."

ನಾನು ಮೊಬೈಲಿನಲ್ಲಿದ್ದ ರಿಪೋರ್ಟಿನ ಫೋಟೊ ಎತ್ತಿ ಹಿಡಿದೆ. "ಕಲ್ಲೇ ಇಲ್ದಿದ್ಮೇಲೆ ನೋವೆಲ್ಲಿಂದ ಬತ್ತದೆ ಅತ್ತೆ? ಬರೀ ಭಯ ನಿಂಗೆ. ತಿನ್ನು."

"ನೋಡಿ, ಓದ್ದೋನೇ ಹೇಳ್ತಾವ್ನೆ," ಎಂದರು ಬೀಗಿತ್ತಿ.

ಅತ್ತೆ ಒಮ್ಮೆ ಮಗಳ ಕಡೆ ನೋಡಿದಳು. ಮುದ್ದೆ ಮುರಿದು ಬೋಟಿ ಗೊಜ್ಜಿಗೆ ಅದ್ದಿದಳು. ನಾನು ಇನ್ನೊಂದು ಲೋಟ ಗೆದ್ದಂತೆ ಕೂತೆ.

ಎಲೆಅಡಿಕೆ ಮುಗಿಸಿ ಹೊರಡುವ ಹೊತ್ತಿಗೆ ಅತ್ತೆ ಶಾಮಿಯಾನದ ಕಂಬ ತಬ್ಬಿ ಕುಸಿದಿದ್ದಳು. ಅವಳನ್ನು ಕಾರಿಗೆ ಹತ್ತಿಸಿ ಮೈಸೂರಿನವರೆಗೂ ಬೆನ್ನು ನೀವಿದ್ದು ಆ ಬೀಗಿತ್ತಿಯೇ. ಮುಂದಿನ ಸೀಟಿನಲ್ಲಿ ನಾನು ರಿಪೋರ್ಟನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಅದರಲ್ಲಿ ಈಗಲೂ ಕಲ್ಲಿರಲಿಲ್ಲ.

ಕೆಲವು ದಿನಗಳ ಮೇಲೆ ಇನ್ನೊಂದು ಪರೀಕ್ಷೆಯಾಯಿತು. ಔಷಧ ಕೊಟ್ಟು, ಪಿತ್ತಕೋಶ ಎಷ್ಟು ಹಿಂಡಿಕೊಳ್ಳುತ್ತದೆ ಎಂದು ನೋಡುವ ಪರೀಕ್ಷೆ. "ಕಲ್ಲಿಲ್ಲ, ನಿಜ. ಆದ್ರೆ ಸ್ನಾಯು ಸರಿಯಾಗಿ ಕೆಲಸ ಮಾಡ್ತಿಲ್ಲ. ಮೊದಲಿನ ಸ್ಕ್ಯಾನಿಂಗಲ್ಲಿ ಅದು ಗೊತ್ತಾಗಲ್ಲ," ಎಂದರು ಡಾಕ್ಟರು. ಅಂದರೆ ಅತ್ತೆಯ ಪಿತ್ತಕೋಶ, ಸಭೆಗೆ ಬಂದು, ಸಹಿ ಹಾಕಿ, ಬೋಂಡಾ ತಿಂದು ಸುಮ್ಮನೆ ಕೂರುವ ಪಂಚಾಯಿತಿ ಮೆಂಬರಿನ ಹಾಗೆ: ಹಾಜರಿಗೆ ಕೊರತೆಯಿಲ್ಲ, ಕೆಲಸ ಮಾತ್ರ ಇಲ್ಲ. ನಾನು ಗೀಟೆಳೆದದ್ದು ಬರೀ ಹಾಜರಿಪುಸ್ತಕಕ್ಕೆ.

ಪಿತ್ತಕೋಶ ತೆಗೆದರು. ನೋವು ನಿಂತಿತು. ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತ ದಿನ ಅತ್ತೆ, "ಈಗ್ಲೂ ಭಯ ಅಂತೀಯೇನ್ಲಾ? ಒಟ್ಟೆ ಕುಯ್ಸಿ ತೋರ್ಸ್ಬೇಕಾಯ್ತಲ್ಲ ನಿಂಗೆ!" ಎಂದಳು.

ಮೊನ್ನೆ ಆ ಕವರಿನ ಧೂಳು ಒರೆಸುತ್ತ ನಿಂತಿದ್ದಾಗ ಅತ್ತೆ ಕುಂಟುತ್ತ ಬಂದಳು. "ಮಂಡಿ ನೋಯ್ತದೆ ಕಣ್ಲಾ. ಎಕ್ಸರೇಲಿ ಏನೂ ಇಲ್ವಂತೆ."

ಹಳೇ ಚಟಕ್ಕೆ ನನ್ನ ಬಾಯಿ ತೆರೆಯಿತು. ಅತ್ತೆ ಹುಬ್ಬೇರಿಸಿ ಕಾದಳು. ಬಾಯಿ ಮುಚ್ಚಿಕೊಂಡು ಕುರ್ಚಿ ಎಳೆದು ಕೂರಿಸಿದೆ. ಅವಳ ಮುಂದೆ ನೆಲದ ಮೇಲೆ ಕೂತು ಕೇಳಿದೆ.

"ಎಲ್ಲಿ ಅತ್ತೆ? ತೋರ್ಸು."