ಹಿತ್ತಾಳೆಯ ಕೊಕ್ಕೆ

ಸಾರ್ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಉದ್ದಕ್ಕೂ ಸೀಳಿತ್ತು. ಎಂದೋ ಆದ ಗಾಯ. ಉಗುರು ಬೆಳೆದಂತೆ ಸೀಳೂ ಬೆಳೆಯುತ್ತಿತ್ತು. ಲೇತಿನಿಂದ ಇಳಿದ ಯಾವ ತುಂಡನ್ನು ಕೊಟ್ಟರೂ ಮೊದಲು ಆ ಉಗುರನ್ನು ಅದರ ಅಂಚಿನ ಮೇಲೆ ಓಡಿಸುತ್ತಿದ್ದರು. ಕಣ್ಣಿಗೆ ಕಾಣದ ಗೀರು ಅದಕ್ಕೆ ಸಿಗುತ್ತಿತ್ತಂತೆ. ನನಗೆ ಪರಿಚಯವಾಗುವ ಹೊತ್ತಿಗೆ ಕೈ ನಡುಗತೊಡಗಿತ್ತು. ಉಗುರು ಲೋಹದ ಮೇಲೆ ಟಕಟಕ ಬಡಿಯುತ್ತಿತ್ತು, ಅಷ್ಟೆ.

ಅಮೆರಿಕದ ಹಿಲ್ಸ್‌ಬರೋದಲ್ಲಿ ನನ್ನ ಮಗಳ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಬೆಂಗಳೂರಿನಲ್ಲಿ ವಿಮಾನದ ಕೆಲಸ ಮಾಡಿ, ಇಲ್ಲಿಗೆ ಬಂದು ರಿಟೈರ್ ಆದ ಎಂಜಿನಿಯರು ಅವರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ರಾಜಾಜಿನಗರದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೇತಿನ ಮುಂದೆ ನಿಂತವನು. ಅವರು ನನಗೆ ಕೊನೆಯವರೆಗೂ ಸಾರ್. ಇಲ್ಲಿನವರಿಗೆಲ್ಲ ನಾನೊಬ್ಬ ಅಂಕಲ್. ಮೊಮ್ಮಕ್ಕಳನ್ನು ಬಸ್ಸಿಗೆ ಬಿಡುವವನು. ಸಾರ್ ಮಾತ್ರ ಮೊದಲ ದಿನವೇ ನನ್ನ ಅಂಗೈ ತಿರುಗಿಸಿ ನೋಡಿ, "ಬನ್ನಿ ಮೇಸ್ತ್ರೀ" ಎಂದು ಗರಾಜಿಗೆ ಕರೆದುಕೊಂಡು ಹೋದರು.

ಅಲ್ಲಿ ಒಂದು ಪುಟ್ಟ ಲೇತ್, ಗೋಡೆಯ ತುಂಬ ಡ್ರಾಯಿಂಗ್‌ಗಳು. ವಿಮಾನಕ್ಕೆ ಮೊಟ್ಟಮೊದಲು ಕೂರಿಸಿದ, ತಾನೇ ಗುಂಡು ತುಂಬಿಕೊಂಡು ಹಾರಿಸುವ ಫಿರಂಗಿಗಳ ಹುಚ್ಚು ಅವರಿಗೆ. ಸುಮಾರು ನೂರು ವರ್ಷದ ಹಿಂದಿನ ಮಾತು. ಮರ, ಬಟ್ಟೆಯ ವಿಮಾನ. ಬಾಳೆಹಣ್ಣಿನ ಗಾತ್ರದ ಗುಂಡು. ನಾಲ್ಕು ಹಾರಿದರೆ ಐದನೆಯದು ಸಿಕ್ಕಿಕೊಳ್ಳುತ್ತಿತ್ತಂತೆ. ಒಂದು ಫಿರಂಗಿಯ ಹಳೆಯ ಪರೀಕ್ಷೆಯ ಕಾಗದಗಳನ್ನೆಲ್ಲ ಅವರು ಜೆರಾಕ್ಸ್ ಮಾಡಿಸಿ ಇಟ್ಟಿದ್ದರು. ಎಲ್ಲದರಲ್ಲೂ ಗುಂಡು ಹಾರಿಸುವವನ ಮೇಲೆಯೇ ದೂರು.

"ಕೈ ತಪ್ಪು ಅಂತ ಬರೆಯೋದು ಸುಲಭ ಮೇಸ್ತ್ರೀ. ಆ ಗಾಳಿ, ಆ ಚಳಿ, ಕೈಗೆ ದಪ್ಪ ಗ್ಲೌಸು. ಕೆಳಗಿಳಿದು ಏನಂತ ವಾದ ಮಾಡ್ತಾನೆ, ಪಾಪ?"

ವಿಮಾನ ತಿರುಗುವಾಗ ವಾಲುತ್ತದೆ, ಫಿರಂಗಿಯ ಮೇಲಿನ ಪೆಟ್ಟಿಗೆಯೊಳಗಿನ ಗುಂಡುಗಳು ಒಂದು ಪಕ್ಕಕ್ಕೆ ಸರಿದು ತಡವಾಗಿ ಬೀಳುತ್ತವೆ, ತಪ್ಪು ಕೈಯದಲ್ಲ ಎಂಬುದು ಅವರ ಲೆಕ್ಕ. ಅದನ್ನು ತೋರಿಸಲು ಕೈಯಲ್ಲಿ ತಿರುಗಿಸುವ ಒಂದು ಮಾಡೆಲ್ ಬೇಕಿತ್ತು. ಮದ್ದಿಲ್ಲ, ಹನ್ನೆರಡು ಮರದ ಗುಂಡುಗಳು. ಮಾಡೆಲ್ ಕೂರಿಸಿದ ಹಲಗೆ ಮಟ್ಟವಾಗಿದ್ದರೆ ಹನ್ನೆರಡೂ ಸಲೀಸಾಗಿ ಹೋಗಬೇಕು, ವಾಲಿಸಿದರೆ ಸಿಕ್ಕಿಕೊಳ್ಳಬೇಕು. "ತಲೆ ನಂದು, ಕೈ ನಿಮ್ದು" ಎಂದರು. ಎರಡು ವರ್ಷ ನಾನು ಅವರ ಕೈಯಾದೆ.

ಏನು ಹೇಳಿದರೂ ಅವರದು ಒಂದೇ ಮಾತು: "ಅಭಿಪ್ರಾಯ ಬೇಡ, ಅಳತೆ ಹೇಳಿ." ಕಾಫಿ ತಂದ ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಒಮ್ಮೆ ನಕ್ಕರು. "ಮದುವೆಗೆ ಮುಂಚೆ ನನ್ನನ್ನೂ ಅಳೆದು ನೋಡಿದ್ರೇನೋ!"

"ನೋಡಿದ್ದೆ. ಸ್ವಲ್ಪ ಹೆಚ್ಚುಕಮ್ಮಿ ಇದ್ರೂ ನೀನು ಟಾಲರೆನ್ಸ್ ಒಳಗೇ ಇದ್ದೆ."

"ಟಾಲರೆನ್ಸ್ ಇರೋದು ನಂಗೆ ರೀ!"

ಕೊನೆಗೆ ಉಳಿದದ್ದು ಒಂದು ಹಿತ್ತಾಳೆಯ ಕೊಕ್ಕೆ. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೋಶವನ್ನು, ನಮ್ಮ ಮಾಡೆಲ್ಲಿನಲ್ಲಿ ಮರದ ಗುಂಡನ್ನೇ, ನಳಿಕೆಯಿಂದ ಹಿಂದಕ್ಕೆ ಎಳೆಯುವ ಕೊಕ್ಕೆ ಅದು. ಹಳೆಯ ವಿಮಾನಗಳ ಒಂದು ಚಿಕ್ಕ ಮ್ಯೂಸಿಯಮ್ಮಿನಲ್ಲಿ ಶನಿವಾರ ಮಾಡೆಲ್ ತೋರಿಸುವುದೆಂದು ನಿಶ್ಚಯವಾಗಿತ್ತು. ಗುರುವಾರ ಕೊಕ್ಕೆ ನನ್ನ ಕೈ ಜಾರಿ ಸಿಮೆಂಟಿನ ಮೇಲೆ ಬಿದ್ದು ತುದಿ ಮುಕ್ಕಾಯಿತು. ಬೇರೆ ಹಿತ್ತಾಳೆ ತರಿಸಲು ವಾರ ಬೇಕು. ಸಾರ್ ಒಳಗೆ ಮಾತ್ರೆ ನುಂಗಲು ಹೋಗಿದ್ದರು. ನಾನು ಮುರಿದ ತುದಿಯನ್ನು ಅರದಿಂದ ಉಜ್ಜಿ, ಹೊಳೆಯುವಂತೆ ಮಾಡಿ ಕೂರಿಸಿಬಿಟ್ಟೆ. ಅರ್ಧ ಮಿಲಿಮೀಟರ್ ಕಮ್ಮಿಯಾಗಿತ್ತು. ಅವರು ಬಂದು ಉಗುರು ಇಟ್ಟರು. ಟಕಟಕ. "ಬ್ಯೂಟಿಫುಲ್, ಮೇಸ್ತ್ರೀ." ಕೈಯಿಂದ ಬಿತ್ತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಈ ದೇಶದಲ್ಲಿ ನನಗಿದ್ದದ್ದು ಮೇಸ್ತ್ರಿ ಎಂಬ ಆ ಒಂದು ಹೆಸರು.

ಶನಿವಾರ ಆರೇಳು ಮಂದಿ ಮುದುಕರು ಸುತ್ತ ನಿಂತರು. ಹಲಗೆ ಮಟ್ಟವಾಗಿತ್ತು. ನಾನು ತಿರುಗಿಸಿದೆ. ಆರು ಗುಂಡು ಹೋದವು, ಏಳನೆಯದು ನಿಂತಿತು. ಬಗ್ಗಿ ನೋಡಿದೆ. ಮರದ ಗುಂಡು ನಳಿಕೆಯಲ್ಲೇ ಕೂತಿತ್ತು, ಕೊಕ್ಕೆ ಬರಿದಾಗಿ ಹಿಂದೆ ಬಂದಿತ್ತು. ಅದನ್ನು ಕಿತ್ತು ಮತ್ತೆ ತಿರುಗಿಸಿದೆ. ಐದಕ್ಕೇ ನಿಂತಿತು.

ಸಾರ್ ನನ್ನ ಕಿವಿಯ ಹತ್ತಿರ ಬಂದರು. "ಕೊಕ್ಕೆ ಸರಿ ಇದೆ ತಾನೆ?"

"ಸರಿ ಇದೆ ಸಾರ್."

ಅಳತೆ ಕೇಳಲಿಲ್ಲ. ಬರೀ ನನ್ನ ಮಾತನ್ನು ಅವರು ನಂಬಿದ್ದು ಅದೊಂದೇ ಸಲ.

"ಕ್ಲಮ್ಸಿ ಗನ್ನರ್!" ಎಂದು ಒಬ್ಬ ನನ್ನ ಕೈಯತ್ತ ಬೆರಳು ತೋರಿಸಿ ನಕ್ಕ. ಸಾರ್ ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಅದುಮಿ ಹಿಡಿದರು. "ನೋ. ಹಿಸ್ ಹ್ಯಾಂಡ್ಸ್ ಆರ್ ಫೈನ್. ಮೈ ಮ್ಯಾತ್ ಈಸ್ ರಾಂಗ್."

ಮನೆಗೆ ಬರುವಾಗ ಕಾರಿನಲ್ಲಿ ನನಗೇ ಸಮಾಧಾನ ಹೇಳಿದರು. "ಬೇಜಾರು ಮಾಡ್ಕೋಬೇಡಿ. ನಿಮ್ಮ ಕೆಲಸ ಫಸ್ಟ್ ಕ್ಲಾಸ್."

ಮಾಡೆಲ್ ಮೇಲೆ ಹಳೆಯ ಬೆಡ್‌ಶೀಟ್ ಬಿತ್ತು. ಆಮೇಲೆ ಅವರು ಅದನ್ನು ಎತ್ತಿ ನೋಡಲಿಲ್ಲ. ಮೇಲ್‌ಬಾಕ್ಸ್ ಹತ್ತಿರ ಸಿಕ್ಕಾಗಲೆಲ್ಲ ನಾನು "ಸಾರ್" ಎನ್ನುವವರೆಗೆ ಹೋಗಿ, "ಇವತ್ತು ಚಳಿ ಜಾಸ್ತಿ" ಎಂದು ಮುಗಿಸುತ್ತಿದ್ದೆ. ಅವರು ಹಾಸಿಗೆ ಹಿಡಿದ ಮೇಲೆ, ಕೊನೆಗೂ ಧೈರ್ಯ ಮಾಡಿ ಹೋದ ದಿನ ಅವರಿಗೆ ನಾನು ಯಾರೆಂದೇ ತಿಳಿಯಲಿಲ್ಲ. ಮಂಚದ ಪಕ್ಕ ಕೂತು ಎದ್ದು ಬಂದೆ. ಸ್ನೋ ಕರಗುವ ಮೊದಲೇ ಅವರು ಹೋದರು.

ಮೇ ತಿಂಗಳಲ್ಲಿ ಅಕ್ಕ ಗರಾಜ್ ಖಾಲಿ ಮಾಡುತ್ತಿದ್ದರು. "ಇದನ್ನ ನೀವೇ ಇಟ್ಕೊಳಿ, ನಿಮ್ಮ ಕೈಕೆಲಸ" ಎಂದರು. ಹಿತ್ತಾಳೆ ತರಿಸಿ, ಅವರದೇ ಲೇತಿನ ಮುಂದೆ ನಿಂತು, ಡ್ರಾಯಿಂಗಿನ ಅಳತೆಗೆ ಸರಿಯಾಗಿ ಹೊಸ ಕೊಕ್ಕೆ ಮಾಡಿದೆ. ಹಲಗೆ ಮಟ್ಟವಾಗಿಟ್ಟು ತಿರುಗಿಸಿದೆ. ಹನ್ನೆರಡೂ ಹೋದವು. ವಾಲಿಸಿದೆ. ನಾಲ್ಕನೆಯದು ಪಕ್ಕಕ್ಕೆ ಸರಿದು ಸಿಕ್ಕಿಕೊಂಡಿತು.

ಸದ್ದು ಕೇಳಿ ಅಕ್ಕ ಬಾಗಿಲಿಗೆ ಬಂದರು. "ನಡೀತಾ?"

"ನಡೀತು ಅಕ್ಕಾ. ಅವತ್ತೂ ನಡೀಬೇಕಿತ್ತು." ನಿಂತಲ್ಲೇ ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. ಬೆಡ್‌ಶೀಟ್ ಮಡಿಸುತ್ತ ಹೇಳಿದರು: "ಮಾತು ನಿಲ್ಲೋಕೆ ಮುಂಚೆ ಅವರು ಹೊದಿಕೆ ಮೇಲೆ ಬೆರಳಲ್ಲೇ ಲೆಕ್ಕ ಹಾಕ್ತಿದ್ರು. ಏನು ಹುಡುಕ್ತಿದೀರಿ ಅಂದ್ರೆ, 'ಎಲ್ಲಿ ತಪ್ಪಿದೆ ಅಂತಾನೇ ಸಿಗ್ತಿಲ್ಲ ಕಣೇ' ಅನ್ನೋರು."

ಅವರು ಒಳಗೆ ಹೋದರು. ನಾನು ಹಳೆಯ ಕೊಕ್ಕೆಯನ್ನು ಎತ್ತಿಕೊಂಡು ಅದರ ತುದಿಯ ಮೇಲೆ ಹೆಬ್ಬೆರಳಿನ ಉಗುರು ಓಡಿಸಿದೆ. ಅರದ ಗೀರು ಸಿಕ್ಕಿತು, ಒಂದೇ ಸಲಕ್ಕೆ.